ಸಂಗ್ರಹಾಲಯದ ಸೂಚಿಯಲ್ಲಿ ಮಾಹಿತಿಶುದ್ಧಿ: ಶಿವಮೊಗ್ಗ-ಭದ್ರಾವತಿ ಪ್ರದೇಶದ ಕೆಲವು ನಿದರ್ಶನಗಳು

ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳಿಂದ ರಕ್ಷಿತವಾಗಿ ಬಂದ ಧವಳಾ ಟೀಕೆಯ ಓಲೆಪ್ರತಿಗಳ ಮಹತ್ತ್ವವನ್ನು ಜೈನ ವಿದ್ವಾಂಸರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಆ ಪ್ರತಿಗಳಲ್ಲಿ ದೊರೆತ ಒಂದು ಕನ್ನಡ ಪ್ರಶಸ್ತಿಯು ಶಿವಮೊಗ್ಗದ ಇತಿಹಾಸಕ್ಕೂ ಸೇರಿದುದೆಂಬ ಸಂಗತಿ ಮಾತ್ರ ಅಷ್ಟಾಗಿ ಗಮನಕ್ಕೆ ಬಂದಂತಿಲ್ಲ. ಮಂಡಲಿನಾಡಿನ ಭುಜಬಲಗಂಗ ಪೆರ್ಮಾಡಿದೇವನ ಹತ್ತಿರದ ಬಂಧುವಾದ ದೇಮಿಯಕ್ಕನೆಂಬ ಶ್ರಾವಿಕೆಯು ಶ್ರುತಪಂಚಮಿಯ ನೋಂಪಿಯನ್ನು ನೋಂತು, ಅದರ ಉದ್ಯಾಪನೆಯ ಸಂದರ್ಭದಲ್ಲಿ, ಬನ್ನಿಯಕೆರೆಯ ಉತ್ತುಂಗ ಚೈತ್ಯಾಲಯದ ಶುಭಚಂದ್ರ ಸಿದ್ಧಾಂತದೇವರಿಗೆ ಆ ಪ್ರತಿಯನ್ನು ಸಮರ್ಪಿಸಿದಳೆಂಬುದು ಆ ಪ್ರಶಸ್ತಿಯ ಸಾರ. ಮಂಡಲಿನಾಡೆಂಬುದು ಇಂದಿನ ಶಿವಮೊಗ್ಗದ ಸುತ್ತಲಿನ ಪ್ರದೇಶ. ಸಿಂಹನಂದಿ ಆಚಾರ್ಯರ ಹಾಗೂ ದಡಿಗ-ಮಾಧವರ ಐತಿಹ್ಯವನ್ನು ಹೇಳುವ ಕಲ್ಲೂರುಗುಡ್ಡದ ಶಾಸನದಲ್ಲಿಯೂ ಮಂಡಲಿಯ ಬಸದಿಯ ಪ್ರಸ್ತಾಪವಿದೆ. ಶಿವಮೊಗ್ಗ ನಗರದ ಒಂದು ಭಾಗಕ್ಕೆ ಇಂದಿಗೂ ಮಂಡ್ಲಿ ಎಂಬ ಹೆಸರು ಉಳಿದಿದೆ.

ಈ ಪ್ರಶಸ್ತಿಯಿಂದ ಪ್ರತಿಯ ಕಾಲವು ನೇರವಾಗಿ ತಿಳಿಯದು. 1939ರಿಂದ 1959ರ ವರೆಗೆ ಹದಿನಾರು ಸಂಪುಟಗಳಲ್ಲಿ ಧವಳಾಸಹಿತವಾದ ಷಟ್ಖಂಡಾಗಮವನ್ನು ಸಂಪಾದಿಸಿದ ಹೀರಾಲಾಲ ಜೈನರು ಈ ಪ್ರಶಸ್ತಿಯನ್ನು ಶಾಸನಗಳೊಡನೆ ಇಟ್ಟು ನೋಡಿದರು. ಬನ್ನಿಕೆರೆಯ ಚೈತ್ಯಾಲಯವನ್ನು ಕುರಿತ ಶಾಸನವು ಶಿವಮೊಗ್ಗ ತಾಲ್ಲೂಕಿನ 97ನೆಯದು. ಅದರ ಕಾಲ ಶಕ 1035, ಎಂದರೆ ಕ್ರಿ.ಶ. 1113. ದೇಮಿಯಕ್ಕನ ಸಮಾಧಿಮರಣವನ್ನು ಹೇಳುವ ಶಾಸನ ಶ್ರವಣಬೆಳಗೊಳದಲ್ಲಿದೆ. ಅದರ ಕಾಲ ಶಕ 1042. ಶುಭಚಂದ್ರದೇವರ ನಿಷಿಧಿಶಾಸನವೂ ಅಲ್ಲಿಯೇ ಇದ್ದು, ಅದು ಶಕ 1045ರದು. ಚೈತ್ಯಾಲಯವು ನಿಂತ ಮೇಲೆ, ದಾನಿಯು ಬದುಕಿದ್ದಾಗ, ಪ್ರತಿಯು ಅರ್ಪಿತವಾಗಿರಬೇಕು. ಹೀಗೆ ತುಳುನಾಡಿನ ಒಂದು ಓಲೆಕಟ್ಟು, ಶಿವಮೊಗ್ಗದ ಒಂದು ಕಲ್ಲು, ಬೆಳಗೊಳದ ಎರಡು ಕಲ್ಲು ಒಂದನ್ನೊಂದು ಬೆಳಗಿಸಿ, ಹನ್ನೆರಡನೆಯ ಶತಮಾನದ ಆದಿಭಾಗವೆಂಬ ನಿರ್ಣಯಕ್ಕೆ ದಾರಿಮಾಡಿಕೊಟ್ಟವು.

ಈ ನಿರ್ಣಯವು ಸಾಧ್ಯವಾದುದು ವಿದ್ವಾಂಸರ ಪ್ರತಿಭೆಯಿಂದ ಮಾತ್ರವಲ್ಲ. ಬನ್ನಿಕೆರೆಯ ಕಲ್ಲು ಬನ್ನಿಕೆರೆಯದೆಂದು, ಅದರ ತೇದಿ ಇಂತಹುದೆಂದು, ಅದರ ಸಂಖ್ಯೆ ಇಷ್ಟೆಂದು ಯಾರೋ ಸರಿಯಾಗಿ ಬರೆದಿಟ್ಟಿದ್ದರಿಂದ ಸಾಧ್ಯವಾಯಿತು. ಬಿ. ಎಲ್. ರೈಸ್ ಅವರು ಹೊರತಂದ ಎಪಿಗ್ರಾಫಿಯಾ ಕರ್ಣಾಟಿಕಾದ ಏಳನೆಯ ಸಂಪುಟ (1902) ಇಲ್ಲದಿದ್ದಲ್ಲಿ, ಅಥವಾ ಅದರಲ್ಲಿ ಊರಿನ ಹೆಸರು ತಪ್ಪಾಗಿದ್ದಲ್ಲಿ, ಪ್ರಶಸ್ತಿಯ ಬನ್ನಿಯಕೆರೆ ಎಲ್ಲಿಯದೆಂಬ ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯುತ್ತಿತ್ತು. ಸಂಗ್ರಹಾಲಯದ ಸೂಚಿಯು ಕೇವಲ ಕಚೇರಿಯ ಕಾಗದವೆಂದು ಭಾವಿಸುವವರು ಈ ಒಂದು ನಿದರ್ಶನವನ್ನು ನೆನೆಯಬೇಕು. ಸೂಚಿಯಲ್ಲಿ ಮಾಹಿತಿಶುದ್ಧಿಯನ್ನು ಕಾಪಾಡುವುದು ಹೇಗೆ ಎಂಬುದನ್ನು ಶಿವಮೊಗ್ಗ ಮತ್ತು ಭದ್ರಾವತಿಯ ಪರಿಸರದ ನಿದರ್ಶನಗಳಿಂದ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

೧. ಸೂಚಿಯೂ ಒಂದು ಗ್ರಂಥ

ಶಿವಮೊಗ್ಗ ನಗರದಲ್ಲಿ ತುಂಗಾನದಿಗೆ ಸಮೀಪವಾಗಿ ಶಿವಪ್ಪನಾಯಕನ ಅರಮನೆಯೆಂದು ಪ್ರಸಿದ್ಧವಾದ ಕಟ್ಟಡದಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಸುತ್ತಲಿನ ಊರುಗಳಿಂದ ತಂದ ಶಿಲ್ಪಗಳು, ವೀರಗಲ್ಲುಗಳು, ಶಾಸನಶಿಲೆಗಳು ಅಲ್ಲಿ ಸೇರಿವೆ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ 1987ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾನಿಲಯವಿದೆ. ಸಾಗರ ತಾಲ್ಲೂಕಿನ ಕೆಳದಿಯ ಸಂಗ್ರಹಾಲಯದಲ್ಲಿ ಓಲೆಗರಿಯ ಹಸ್ತಪ್ರತಿಗಳೂ ಕಡತಗಳೂ ಇವೆ. ಹೊಸನಗರ ತಾಲ್ಲೂಕಿನ ಹೊಂಬುಜದಲ್ಲಿ ಸಾಂತರರ ಕಾಲದಿಂದ ಬೆಳೆದುಬಂದ ಕ್ಷೇತ್ರವೂ ಜೈನಮಠವೂ ಇವೆ. ಹೀಗೆ ಕಲ್ಲು, ಲೋಹ, ಓಲೆ, ಕಾಗದ ಈ ನಾಲ್ಕೂ ಬಗೆಯ ಸಾಮಗ್ರಿ ಒಂದೇ ಪ್ರದೇಶದಲ್ಲಿ ಬೇರೆಬೇರೆ ಕೈಗಳಲ್ಲಿದೆ. ಒಂದರ ಮಾಹಿತಿ ಇನ್ನೊಂದಕ್ಕೆ ಬೇಕಾಗುತ್ತದೆ.

ಗ್ರಂಥಸಂಪಾದನೆಯ ಅಭ್ಯಾಸವುಳ್ಳವರಿಗೆ ಸೂಚಿಯ ದೋಷಗಳು ಅಪರಿಚಿತವಲ್ಲ. ಪ್ರತಿಯಿಂದ ಪ್ರತಿಗೆ ಲಿಪಿಕಾರನ ಸ್ಖಾಲಿತ್ಯ ಇಳಿದುಬರುವಂತೆ ವಹಿಯಿಂದ ಚೀಟಿಗೆ, ಚೀಟಿಯಿಂದ ಮುದ್ರಿತ ಸೂಚಿಗೆ, ಅಲ್ಲಿಂದ ಗಣಕಯಂತ್ರಕ್ಕೆ ದೋಷ ಇಳಿದುಬರುತ್ತದೆ. ಅಕ್ಷರಲೋಪ, ಅಂಕಿಗಳ ವ್ಯತ್ಯಯ, ಮೇಲಿನ ಸಾಲಿನ ವಿವರ ಕೆಳಗಿನ ಸಾಲಿಗೆ ಜಾರುವುದು, ಅರ್ಥವಾಗದ ಹೆಸರನ್ನು ತಿಳಿದ ಹೆಸರಿಗೆ ತಿದ್ದುವುದು ಎಂಬ ದೋಷಗಳೆಲ್ಲ ಓಲೆಗರಿಯಲ್ಲಿ ಕಂಡವೇ. ಎಚ್. ಡಿ. ವೇಲಣಕರ್ ಅವರ ಜಿನರತ್ನಕೋಶ (1944) ಅನೇಕ ಭಂಡಾರಗಳ ಸೂಚಿಗಳನ್ನು ಒಟ್ಟುಗೂಡಿಸಿದ ಮಹತ್ಕೃತಿ. ಇಂತಹ ಸೂಚಿಗಳ ಸೂಚಿಯಲ್ಲಿ ಮೂಲಸೂಚಿಯ ಒಂದು ದೋಷ ಬಂದು ಸೇರಿದರೆ ಅದು ದೇಶದ ಎಲ್ಲ ವಿದ್ವಾಂಸರ ಮೇಜಿನ ಮೇಲೂ ಇರುತ್ತದೆ. ಆದಕಾರಣ ಶುದ್ಧಿಯು ಮೂಲದಲ್ಲಿಯೇ ಆಗಬೇಕು. ಕೆ. ಭುಜಬಲಿ ಶಾಸ್ತ್ರಿಗಳು ಮೂಡಬಿದಿರೆ, ಕಾರ್ಕಳ ಮುಂತಾದ ಕಡೆಗಳ ಓಲೆಪ್ರತಿಗಳನ್ನು ಕುರಿತು ಸಿದ್ಧಪಡಿಸಿ 1948ರಲ್ಲಿ ಭಾರತೀಯ ಜ್ಞಾನಪೀಠದಿಂದ ಪ್ರಕಟವಾದ ಕನ್ನಡಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿಗೆ ಇಂದಿಗೂ ಗೌರವವಿರುವುದು ಇಂತಹ ಮೂಲದ ಕೆಲಸಕ್ಕಾಗಿ.

೨. ಕಂಡದ್ದು ಮತ್ತು ಊಹಿಸಿದ್ದು

ತತ್ತ್ವಾರ್ಥಸೂತ್ರದಲ್ಲಿ ಮತಿಜ್ಞಾನಕ್ಕೆ ಅವಗ್ರಹ, ಈಹಾ, ಅವಾಯ, ಧಾರಣಾ ಎಂಬ ನಾಲ್ಕು ಹಂತಗಳನ್ನು ಹೇಳಿದೆ. ವಸ್ತುವಿನ ಪ್ರಥಮಗ್ರಹಣ, ವಿಶೇಷವನ್ನರಿಯುವ ಇಚ್ಛೆ, ನಿಶ್ಚಯ, ಆ ನಿಶ್ಚಯವನ್ನು ಮರೆಯದೆ ಇಟ್ಟುಕೊಳ್ಳುವಿಕೆ ಎಂಬ ಈ ಕ್ರಮವೇ ಸೂಚಿಕಾರನ ಕ್ರಮವೂ ಆಗಿರತಕ್ಕದ್ದು. ಸಂಗ್ರಹಾಲಯಗಳ ವಹಿಗಳಲ್ಲಿ ಕಾಣುವ ದೋಷಗಳ ಬಹುಭಾಗವು ಅವಗ್ರಹದಿಂದ ನೇರವಾಗಿ ಧಾರಣೆಗೆ ಜಿಗಿದುದರ ಫಲ. ಕಲ್ಲನ್ನು ಕಂಡೊಡನೆ ಹೆಸರಿಟ್ಟು ವಹಿಯಲ್ಲಿ ಬರೆಯುತ್ತಾರೆ. ನಡುವಣ ಈಹೆಗೂ ಅವಾಯಕ್ಕೂ ಎಡೆಯಿಲ್ಲ.

ಆದ್ದರಿಂದ ಮೊದಲನೆಯ ನಿಯಮವೆಂದರೆ ಕಂಡದ್ದಕ್ಕೂ ಊಹಿಸಿದ್ದಕ್ಕೂ ಬೇರೆ ಬೇರೆ ಅಂಕಣಗಳಿರಬೇಕು. ಧವಳಾ ಪ್ರತಿಯ ಉದಾಹರಣೆಯನ್ನೇ ನೋಡಬಹುದು. ಪ್ರತಿಯ ಕಾಲವೆಂಬ ಅಂಕಣದಲ್ಲಿ 1113 ಎಂದಷ್ಟೇ ಬರೆದರೆ, ಅದು ಪ್ರತಿಯಲ್ಲಿಯೇ ಬರೆದ ತೇದಿಯೆಂದು ಓದುಗನು ತಿಳಿಯುತ್ತಾನೆ. ವಾಸ್ತವವಾಗಿ ಅದು ಬನ್ನಿಕೆರೆಯ ಕಲ್ಲಿನ ತೇದಿ. ಪ್ರತಿಯು 1113ಕ್ಕೆ ಹಿಂದಿನದಲ್ಲ, 1120ಕ್ಕೆ ಈಚಿನದಲ್ಲ ಎಂಬುದು ಎರಡು ಶಾಸನಗಳಿಂದ ಬಂದ ಅನುಮಾನ. ದೇಮಿಯಕ್ಕನೂ ಬೆಳಗೊಳದ ಶಾಸನದ ದೇಮತಿಯೂ ಒಬ್ಬಳೇ ಎಂಬ ಗುರುತಿನ ಮೇಲೆ ಆ ಅನುಮಾನ ನಿಂತಿದೆ. ಈ ಮೂರು ಮಾತುಗಳನ್ನೂ ಸೂಚಿ ಹೇಳಿದರೆ ಮುಂದಿನ ವಿದ್ವಾಂಸನು ಒಪ್ಪಬಹುದು, ಆಕ್ಷೇಪಿಸಬಹುದು. ಬರಿಯ ಅಂಕಿಯನ್ನು ಕೊಟ್ಟರೆ ಆತನು ನಂಬಬೇಕು ಅಥವಾ ಬಿಡಬೇಕು, ಪರೀಕ್ಷೆಗೆ ದಾರಿಯಿಲ್ಲ.

ಶಿವಪ್ಪನಾಯಕನ ಅರಮನೆಯೇ ಇದಕ್ಕೆ ಇನ್ನೊಂದು ನಿದರ್ಶನ. ಕೆಳದಿಯ ಶಿವಪ್ಪನಾಯಕನು ಹದಿನೇಳನೆಯ ಶತಮಾನದವನು. ಈಗಿರುವ ಮರದ ಕಂಬಗಳ ಕಟ್ಟಡವು ಹದಿನೆಂಟನೆಯ ಶತಮಾನದ್ದೆಂದು, ಹೈದರಾಲಿಯ ಕಾಲಕ್ಕೆ ಸೇರಿದುದೆಂದು ಕಲಾಚರಿತ್ರಕಾರರು ಹೇಳುತ್ತಾರೆ. ಹೆಸರೇ ಕಾಲವಲ್ಲ. ನಾಮನಿಕ್ಷೇಪವನ್ನು ಭಾವನಿಕ್ಷೇಪವೆಂದು ಗ್ರಹಿಸಬಾರದೆಂಬ ವಿವೇಕವು ಜೈನ ಪಂಡಿತರಿಗೆ ಸಹಜವಾದುದು. ಅದನ್ನೇ ವಹಿಗೂ ಅನ್ವಯಿಸಿದರೆ ಸಾಕು.

೩. ಊರು ಮತ್ತು ಸಂಖ್ಯೆ

ಸಂಗ್ರಹಾಲಯಕ್ಕೆ ತಂದ ಕಲ್ಲಿಗೆ ತನ್ನ ಮೂಲಸ್ಥಳದ ಸಂಬಂಧವು ವಹಿಯ ಒಂದು ಪಂಕ್ತಿಯಲ್ಲಿ ಮಾತ್ರ ಉಳಿದಿರುತ್ತದೆ. ಆ ಪಂಕ್ತಿ ಕೆಟ್ಟರೆ ಕಲ್ಲು ಇದ್ದೂ ಅನಾಥವಾಗುತ್ತದೆ. ಶಿವಮೊಗ್ಗ ಸೀಮೆಯಲ್ಲಿ ಈ ಅಪಾಯ ಹೆಚ್ಚು; ಏಕೆಂದರೆ ಇಲ್ಲಿ ಹೆಸರುಗಳೂ ಎಲ್ಲೆಗಳೂ ಹಲವು ಬಾರಿ ಬದಲಾಗಿವೆ.

ಇಂದಿನ ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವಿರುವ ಈ ಊರು ಕಬ್ಬಿಣದ ಕಾರ್ಖಾನೆ ಬಂದ ಮೇಲೆ ಭದ್ರಾನದಿಯ ಹೆಸರಿನಿಂದಲೇ ಲೋಕಪ್ರಸಿದ್ಧವಾಯಿತು; ಆ ಕಾರ್ಖಾನೆ ಉತ್ಪಾದನೆಯನ್ನಾರಂಭಿಸಿದ್ದು 1923ರಲ್ಲಿ. ರೈಸ್ ಅವರ ಏಳನೆಯ ಸಂಪುಟದಲ್ಲಿ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ಎಂಬ ನಾಲ್ಕೇ ತಾಲ್ಲೂಕುಗಳಿವೆ. ಭದ್ರಾವತಿ ಎಂಬ ವಿಭಾಗವೇ ಇಲ್ಲ. ಆ ಸಂಪುಟದಲ್ಲಿ ಭದ್ರಾವತಿಯನ್ನು ಹುಡುಕಿ ಕಾಣದೆ, ಅಲ್ಲಿ ಶಾಸನಗಳೇ ಇಲ್ಲವೆಂದು ಬರೆದವನು ಮೋಸಹೋದಂತೆಯೇ. ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದವು. ಹಳೆಯ ವಹಿಯಲ್ಲಿ ಶಿವಮೊಗ್ಗ ಜಿಲ್ಲೆಯದೆಂದು ಬರೆದ ಕಲ್ಲು ಇಂದಿನ ನಕ್ಷೆಯಲ್ಲಿ ದಾವಣಗೆರೆ ಜಿಲ್ಲೆಯದಾಗಿರಬಹುದು. ನಗರ ತಾಲ್ಲೂಕಿನ ಶಾಸನಗಳೆಂದು ಎಂಟನೆಯ ಸಂಪುಟ (1904) ಹೇಳುವ ಹೊಂಬುಜದ ಶಾಸನಗಳು ಇಂದು ಹೊಸನಗರ ತಾಲ್ಲೂಕಿನವು. ಆಂಗ್ಲದಲ್ಲಿ ಶಿಮೋಗಾ ಎಂದಿದ್ದ ಅಧಿಕೃತ ರೂಪವು 2014ರ ನವೆಂಬರ್ 1ರಿಂದ ಶಿವಮೊಗ್ಗ ಎಂದಾಯಿತು. ಹಳೆಯ ರೂಪದಲ್ಲಿ ಹುಡುಕಿದರೆ ಹೊಸ ನಮೂದು ಸಿಕ್ಕದು, ಹೊಸ ರೂಪದಲ್ಲಿ ಹುಡುಕಿದರೆ ಹಳೆಯದು ಸಿಕ್ಕದು.

ಇದಕ್ಕೆ ಪರಿಹಾರವು ಹಳೆಯ ಹೆಸರನ್ನು ಅಳಿಸಿ ಹೊಸದನ್ನು ಬರೆಯುವುದಲ್ಲ. ವಸ್ತು ದೊರೆತಾಗ ಬರೆದ ಸ್ಥಳನಾಮ ಒಂದು ಅಂಕಣದಲ್ಲಿ ಹಾಗೆಯೇ ಇರಬೇಕು. ಇಂದಿನ ಗ್ರಾಮ, ತಾಲ್ಲೂಕು, ಜಿಲ್ಲೆಗಳು ಇನ್ನೊಂದರಲ್ಲಿ, ಬರೆದ ವರ್ಷದೊಡನೆ ಇರಬೇಕು. ಸಾಧ್ಯವಾದಲ್ಲಿ ಅಕ್ಷಾಂಶ-ರೇಖಾಂಶಗಳನ್ನು ಕೊಡಬೇಕು. ಎಲ್ಲೆ ಬದಲಾದರೂ ಅಕ್ಷಾಂಶ ಬದಲಾಗದು.

ಸಂಖ್ಯೆಗಳಲ್ಲಿಯೂ ಇದೇ ತೊಡಕು. ಶ್ರವಣಬೆಳಗೊಳದ ಶಾಸನಗಳಿಗೆ ರೈಸ್ ಅವರ 1889ರ ಆವೃತ್ತಿಯಲ್ಲಿ ಒಂದು ಸಂಖ್ಯೆ, ಆರ್. ನರಸಿಂಹಾಚಾರ್ಯರ 1923ರ ಪರಿಷ್ಕೃತ ಆವೃತ್ತಿಯಲ್ಲಿ ಇನ್ನೊಂದು, ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆಯ 1973ರ ಆವೃತ್ತಿಯಲ್ಲಿ ಮತ್ತೊಂದು. ದೇಮಿಯಕ್ಕನ ಶಾಸನ ಮೊದಲನೆಯದರಲ್ಲಿ 49, ಎರಡನೆಯದರಲ್ಲಿ 129. ಶುಭಚಂದ್ರದೇವರದು ಅನುಕ್ರಮವಾಗಿ 43 ಮತ್ತು 117. ಆವೃತ್ತಿಯ ವರ್ಷವನ್ನು ಹೇಳದೆ ಸಂಖ್ಯೆಯನ್ನು ಮಾತ್ರ ಕೊಟ್ಟ ನಮೂದು ಅರ್ಧ ನಮೂದು. ಸಂಕ್ಷೇಪಾಕ್ಷರಗಳಲ್ಲಿಯೂ ಎಚ್ಚರ ಬೇಕು. ರೈಸ್ ಅವರ ಪದ್ಧತಿಯಲ್ಲಿ ಎಸ್‌.ಬಿ. ಎಂದರೆ ಸೊರಬ, ಈಚಿನ ಬರೆಹಗಳಲ್ಲಿ ಅದೇ ಅಕ್ಷರಗಳು ಶ್ರವಣಬೆಳಗೊಳವನ್ನು ಸೂಚಿಸುತ್ತವೆ. ಕನ್ನಡದಲ್ಲಿ ಶಿ. ಎಂದು ಬರೆದರೆ ಶಿವಮೊಗ್ಗವೋ ಶಿಕಾರಿಪುರವೋ ತಿಳಿಯದು. ಪೂರ್ಣ ಹೆಸರನ್ನು ಬರೆಯುವುದರಿಂದ ವ್ಯಯವಾಗುವ ಮಸಿ ಅತ್ಯಲ್ಪ.

ಸಂಗ್ರಹಾಲಯದ ಸ್ವಂತ ಸಂಖ್ಯೆಯ ವಿಷಯದಲ್ಲಿ ಮೂರು ಮಾತುಗಳು ಸಾಕು. ಒಂದು ವಸ್ತುವಿಗೆ ಒಂದೇ ಸಂಖ್ಯೆ. ಒಂದು ಸಂಖ್ಯೆಗೆ ಒಂದೇ ವಸ್ತು. ವಸ್ತು ಕಳೆದುಹೋದರೂ ಆ ಸಂಖ್ಯೆಯನ್ನು ಬೇರೊಂದಕ್ಕೆ ಕೊಡಬಾರದು. ಒಡೆದ ಶಾಸನದ ಎರಡು ತುಂಡುಗಳು ಬೇರೆಬೇರೆ ಕಾಲದಲ್ಲಿ ಬಂದಿದ್ದರೆ ಎರಡೂ ಸಂಖ್ಯೆಗಳು ಉಳಿಯಬೇಕು, ಒಂದು ಇನ್ನೊಂದನ್ನು ಸೂಚಿಸಬೇಕು.

೪. ಕಾಲಗಣನೆ

ಶಕವರ್ಷಕ್ಕೆ 78ನ್ನು ಕೂಡಿಸಿ ಕ್ರಿಸ್ತವರ್ಷವನ್ನು ಬರೆಯುವುದು ವಾಡಿಕೆ. ಇದರಿಂದ ಎಷ್ಟು ದೂರ ದಾರಿ ತಪ್ಪಬಹುದೆಂಬುದಕ್ಕೆ ದೇಮಿಯಕ್ಕನ ಶಾಸನವೇ ಪಾಠ. ಅದರ ತೇದಿ ಶಕ 1042, ವಿಕಾರಿ ಸಂವತ್ಸರ, ಫಾಲ್ಗುಣ ಬಹುಳ 11, ಗುರುವಾರ. 1042ನ್ನು ಗತಶಕವೆಂದು ತಿಳಿದರೆ ಆ ವರ್ಷದ ಸಂವತ್ಸರ ಶಾರ್ವರಿಯಾಗುತ್ತದೆ. ಫಾಲ್ಗುಣವು 1121ರ ಮಾರ್ಚಿಗೆ ಹೋಗುತ್ತದೆ. ಶಾಸನವು ವಿಕಾರಿ ಎನ್ನುವುದರಿಂದ ಇಲ್ಲಿ 1042 ವರ್ತಮಾನ ಶಕ, ಗತವರ್ಷಗಳು 1041. ಆಗ ತಿಥಿಯು 1120ರ ಫೆಬ್ರವರಿ 26ಕ್ಕೆ ಬರುತ್ತದೆ, ಅಂದು ಗುರುವಾರವೇ. ಸಂವತ್ಸರ, ತಿಥಿ, ವಾರ ಮೂರೂ ಕೂಡಿದುದರಿಂದ ಕಾಲವು ನಿಶ್ಚಿತವಾಯಿತು. ವಹಿಯಲ್ಲಿ ಶಕವರ್ಷವನ್ನು ಮಾತ್ರ ಬರೆದುಕೊಂಡು ಸಂವತ್ಸರ, ವಾರಗಳನ್ನು ಕೈಬಿಟ್ಟಿದ್ದರೆ ಈ ಪರೀಕ್ಷೆಗೆ ಆಸ್ಪದವೇ ಇರುತ್ತಿರಲಿಲ್ಲ. ಗತಶಕದ ಸಂವತ್ಸರವನ್ನು ಕಾಣಲು ಶಕಸಂಖ್ಯೆಗೆ 12 ಕೂಡಿಸಿ 60ರಿಂದ ಭಾಗಿಸಿ, ಶೇಷವನ್ನು ಪ್ರಭವದಿಂದ ಎಣಿಸಬೇಕು. ಬನ್ನಿಕೆರೆಯ ಶಾಸನದ ಶಕ 1035ನ್ನು ಗತವರ್ಷವೆಂದು ಹಿಡಿದರೆ 1047ರ ಶೇಷ 27. ಅದು ವಿಜಯ ಸಂವತ್ಸರ. ಈ ಚಿಕ್ಕ ಲೆಕ್ಕವು ಪ್ರತಿಯೊಂದು ಸಂಗ್ರಹಾಲಯದ ವಹಿಯ ಮೊದಲ ಪುಟದಲ್ಲಿರಲು ಯೋಗ್ಯವಾದುದು.

ವರ್ಷದ ಅಂಕಿಯಲ್ಲದೆ ಶಕೆಯೇ ಸಂದಿಗ್ಧವಾಗಿರುವ ಸಂದರ್ಭಗಳೂ ಇವೆ. ಧವಳಾ ಟೀಕೆಯನ್ನು ವೀರಸೇನಾಚಾರ್ಯರು ಮುಗಿಸಿದ ಕಾಲವನ್ನು ಹೀರಾಲಾಲ ಜೈನರು ಶಕ 738 ಎಂದು ಗ್ರಹಿಸಿ ಕ್ರಿ.ಶ. 816 ಎಂದರು; ಜ್ಯೋತಿಪ್ರಸಾದ ಜೈನರು ವಿಕ್ರಮ 838 ಎಂದು ಗ್ರಹಿಸಿ ಕ್ರಿ.ಶ. 780 ಎಂದರು. ಪಾಠವು ಭ್ರಷ್ಟವಾಗಿರುವುದರಿಂದಲೇ ಈ ಭೇದ. ಸೂಚಿಕಾರನು ಇಲ್ಲಿ ನ್ಯಾಯಾಧೀಶನಾಗಬೇಕಾಗಿಲ್ಲ. ಮೂಲದಲ್ಲಿ ಇರುವ ಅಕ್ಷರಗಳು, ಅವುಗಳಿಂದ ಹೊರಟ ಅರ್ಥಗಳು, ಆ ಅರ್ಥ ಯಾರದು ಎಂಬ ಮೂರನ್ನೂ ಬರೆದರೆ ಅವನ ಕರ್ತವ್ಯ ಮುಗಿಯಿತು. ವೀರನಿರ್ವಾಣ ಶಕೆಯ ತೇದಿಗಳಲ್ಲಿಯೂ ಇದೇ ಕ್ರಮವನ್ನು ಅನುಸರಿಸಬೇಕು. ನಿರ್ವಾಣವಾಗಿ 605 ವರ್ಷ 5 ತಿಂಗಳಿಗೆ ಶಕವೆಂಬ ಗಣನೆಯಿಂದ ಪರಿವರ್ತಿಸಿದ್ದಾದರೆ ಹಾಗೆಂದು ಹೇಳಬೇಕು.

೫. ಹೆಸರು

ಪ್ರಶಸ್ತಿಯ ದೇಮಿಯಕ್ಕನು ಶಾಸನದಲ್ಲಿ ದೇಮತಿ, ದೇವಮತಿ ಮುಂತಾದ ರೂಪಗಳಲ್ಲಿ ಕಾಣುತ್ತಾಳೆ. ಬನ್ನಿಯಕೆರೆ, ಬನ್ನಿಕೆರೆ ಎಂದು ಊರಿಗೂ ಎರಡು ರೂಪ. ಇವುಗಳಲ್ಲಿ ಒಂದನ್ನು ಮುಖ್ಯಶೀರ್ಷಿಕೆಯಾಗಿ ಆರಿಸಿ ಉಳಿದವುಗಳಿಂದ ಅದಕ್ಕೆ ನೋಡಿ-ಸೂಚನೆಯನ್ನು ಕೊಡುವುದು ಹಳೆಯ ಗ್ರಂಥಾಲಯಗಳ ಕ್ರಮ. ಅದು ಇಂದಿಗೂ ಉತ್ತಮ ಕ್ರಮ. ಮೂಲದ ರೂಪವನ್ನು ಮಾತ್ರ ತಿದ್ದಬಾರದು.

ಇದಕ್ಕೆ ವಿರುದ್ಧವಾದ ಕಷ್ಟವೆಂದರೆ ಒಂದೇ ಹೆಸರಿನ ಹಲವರು. ಶುಭಚಂದ್ರನೆಂಬ ಹೆಸರಿನಲ್ಲಿ ಬನ್ನಿಕೆರೆಯ ಸಿದ್ಧಾಂತದೇವರಿದ್ದಾರೆ, ಜ್ಞಾನಾರ್ಣವದ ಕರ್ತೃವಿದ್ದಾನೆ, ಪಾಂಡವಪುರಾಣವನ್ನು ಬರೆದ ಹದಿನಾರನೆಯ ಶತಮಾನದ ಭಟ್ಟಾರಕನಿದ್ದಾನೆ. ಹೆಸರಿನೊಡನೆ ಗಣ, ಗಚ್ಛ, ಗುರು, ಸ್ಥಳ ಇವುಗಳನ್ನು ಬರೆಯದಿದ್ದರೆ ಮೂವರೂ ಒಬ್ಬನಾಗಿಬಿಡುತ್ತಾರೆ. ಜೈನಶಾಸನಗಳೂ ಪ್ರಶಸ್ತಿಗಳೂ ಗುರುಪರಂಪರೆಯನ್ನು ಇಷ್ಟು ವಿಸ್ತಾರವಾಗಿ ಕೊಡುವುದು ಸೂಚಿಕಾರನ ಭಾಗ್ಯ. ಅದನ್ನು ಬಿಟ್ಟು ಹೆಸರನ್ನು ಮಾತ್ರ ಎತ್ತಿಕೊಳ್ಳುವುದು ಅವನ ಪ್ರಮಾದ.

ಗ್ರಂಥನಾಮದಲ್ಲಿಯೂ ಇಂತಹುದೇ ಒಂದು ಪ್ರಸಿದ್ಧ ನಿದರ್ಶನವಿದೆ. ಮೂಡಬಿದಿರೆಯ ಮೂರನೆಯ ಸಿದ್ಧಾಂತಗ್ರಂಥವು ಮಹಾಧವಳವೆಂಬ ಹೆಸರಿನಿಂದ ಬಹುಕಾಲ ಖ್ಯಾತವಾಗಿತ್ತು. ಪ್ರತಿಯನ್ನು ತೆರೆದು ಪರೀಕ್ಷಿಸಿದಾಗ ಅದು ಭೂತಬಲಿ ಆಚಾರ್ಯರ ಮಹಾಬಂಧವೆಂದೂ, ಅದರ ಮೊದಲಲ್ಲಿ ಸತ್ಕರ್ಮಪಂಜಿಕೆಯೆಂಬ ಬೇರೊಂದು ರಚನೆಯಿದೆಯೆಂದೂ ತಿಳಿಯಿತು. ಹೊರಹಲಗೆಯ ಮೇಲಿನ ಹೆಸರನ್ನು ನಂಬಿದ ಸೂಚಿಯಲ್ಲಿ ಎರಡನೆಯ ಕೃತಿ ಇಲ್ಲವೇ ಇಲ್ಲ. ಒಂದು ಕಟ್ಟಿನಲ್ಲಿ ಎಷ್ಟು ಕೃತಿಗಳಿವೆಯೋ ಅಷ್ಟು ನಮೂದುಗಳಿರಬೇಕು. ಪ್ರತಿಯೊಂದಕ್ಕೂ ಆದಿ, ಅಂತ್ಯ, ಗರಿಗಳ ಸಂಖ್ಯೆಯನ್ನು ಕೊಡಬೇಕು.

ಗರಿಗಳ ಎಣಿಕೆಯನ್ನು ಪರೀಕ್ಷಿಸಲು ಪೂರ್ವಿಕರೇ ಒಂದು ಅಳತೆಗೋಲನ್ನು ಬಿಟ್ಟುಹೋಗಿದ್ದಾರೆ. ಮೂವತ್ತೆರಡು ಅಕ್ಷರಕ್ಕೆ ಒಂದು ಗ್ರಂಥ. ನೂರು ಗರಿಗಳ, ಪುಟಕ್ಕೆ ಎಂಟು ಪಂಕ್ತಿಗಳ, ಪಂಕ್ತಿಗೆ ಅರುವತ್ತುನಾಲ್ಕು ಅಕ್ಷರಗಳ ಕಟ್ಟಿನಲ್ಲಿ 1,02,400 ಅಕ್ಷರಗಳು, ಎಂದರೆ 3,200 ಗ್ರಂಥ. ಕೃತಿಯ ಪ್ರಸಿದ್ಧ ಪ್ರಮಾಣ ಇದಕ್ಕೆ ಸಮೀಪವಾಗಿದ್ದರೆ ಪ್ರತಿಯೂ ಪೂರ್ಣ, ನಮೂದೂ ಸರಿ. ಬಹಳ ಕಡಮೆಯಾದರೆ ಪ್ರತಿ ಅಪೂರ್ಣವಾಗಿರಬೇಕು ಅಥವಾ ಸೂಚಿಕಾರನು ಗರಿಯನ್ನು ಪುಟವೆಂದು ಎಣಿಸಿರಬೇಕು. ಧವಳಾ 72,000, ಜಯಧವಳಾ 60,000 ಗ್ರಂಥಪ್ರಮಾಣವೆಂಬ ಪರಂಪರಾಗತವಾದ ಮಾತು ಇಂತಹ ಪರೀಕ್ಷೆಗಾಗಿಯೇ ಇದೆಯೆನ್ನಬಹುದು.

೬. ವಸ್ತುವಿನ ಗುರುತು

ಮಲೆನಾಡಿನ ಅಂಚಿನ ಊರುಗಳಲ್ಲಿ ವೀರಗಲ್ಲು, ಮಾಸ್ತಿಕಲ್ಲು, ನಿಷಿಧಿಗಲ್ಲುಗಳು ಒಟ್ಟೊಟ್ಟಿಗೆ ದೊರೆಯುತ್ತವೆ. ಇವು ಅಕ್ಷರರಹಿತವಾಗಿದ್ದಾಗ ಮೂರೂ ವೀರಗಲ್ಲೆಂದೇ ನಮೂದಾಗುವ ಸಂಭವವುಂಟು. ವೀರಗಲ್ಲಿನ ಕೆಳಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನೊಯ್ಯುವುದು, ಮೇಲೆ ದೇವಸನ್ನಿಧಿ ಇರುತ್ತವೆ. ನಿಷಿಧಿಯಲ್ಲಿ ಕಾಳಗವಿಲ್ಲ, ವ್ಯಾಸಪೀಠದ ಮುಂದೆ ಕುಳಿತ ಆಚಾರ್ಯ, ಎದುರಿಗೆ ಕೈಮುಗಿದು ಕುಳಿತ ಆರಾಧಕ, ಪಿಂಛ, ಕಮಂಡಲು, ಮೇಲಿನ ಪಟ್ಟಿಕೆಯಲ್ಲಿ ಜಿನಬಿಂಬ ಇರುತ್ತವೆ. ಆದರೆ ಮೇಲೆ ಜಿನಬಿಂಬವಿದ್ದ ಮಾತ್ರಕ್ಕೆ ನಿಷಿಧಿಯಾಗದು. ಕಾಳಗದಲ್ಲಿ ಮಡಿದ ಜೈನ ವೀರನ ಕಲ್ಲಿನಲ್ಲಿಯೂ ಮೇಲೆ ಜಿನನಿರಬಹುದು. ಸಲ್ಲೇಖನದಿಂದ ಮುಡಿಪಿದವನಿಗೂ ಕಾದಿ ಸತ್ತವನಿಗೂ ಇರುವ ಅಂತರವು ಒಂದು ಪದದ ತಪ್ಪಿನಿಂದ ಅಳಿಸಿಹೋಗುತ್ತದೆ. ಒಂದು ಊರಿನಲ್ಲಿ ಜೈನಸಮಾಜವಿತ್ತೆಂಬುದಕ್ಕೆ ಆ ಒಂದು ಕಲ್ಲೇ ಉಳಿದ ಸಾಕ್ಷಿಯಾಗಿದ್ದಲ್ಲಿ ಆ ಊರಿನ ಚರಿತ್ರೆಯೇ ಅಳಿಸಿದಂತಾಗುತ್ತದೆ.

ಜಿನಬಿಂಬಗಳ ಗುರುತಿನಲ್ಲಿಯೂ ಆತುರ ಸಲ್ಲದು. ಕರ್ಣಾಟಕದ ಅನೇಕ ಪ್ರಾಚೀನ ಬಿಂಬಗಳಲ್ಲಿ ಲಾಂಛನವಿಲ್ಲ. ಸರ್ಪಫಣೆಯಿದ್ದಲ್ಲಿ ಎಣಿಸಬೇಕು: ಸಾಮಾನ್ಯವಾಗಿ ಏಳು ಹೆಡೆ ಪಾರ್ಶ್ವನಾಥನಿಗೆ, ಐದು ಸುಪಾರ್ಶ್ವನಾಥನಿಗೆ. ಬಳ್ಳಿ ಸುತ್ತಿದ ಕಾಯೋತ್ಸರ್ಗಮೂರ್ತಿ ಬಾಹುಬಲಿ. ಅವನು ತೀರ್ಥಂಕರನಲ್ಲವೆಂಬುದು ಪಂಡಿತರಿಗೆ ತಿಳಿದಿದ್ದರೂ ವಹಿ ಬರೆಯುವ ಗುಮಾಸ್ತನಿಗೆ ತಿಳಿದಿರಲೇಬೇಕೆಂದಿಲ್ಲ. ನಿಶ್ಚಯವಿಲ್ಲದೆಡೆ ಜಿನಬಿಂಬ, ಕಾಯೋತ್ಸರ್ಗ, ಲಾಂಛನವಿಲ್ಲ ಎಂದು ಬರೆದ ನಮೂದು ತಪ್ಪು ಹೆಸರಿನ ನಮೂದಿಗಿಂತ ಬೆಲೆಯುಳ್ಳದ್ದು. ಇಂತಹ ಗುರುತಿಗೆ ಪಂಡಿತರ ನೆರವು ಅತ್ಯಗತ್ಯ. ಸಂಗ್ರಹಾಲಯಗಳು ಅದನ್ನು ಕೇಳಬೇಕು. ಪಂಡಿತರು ಕರೆಯುವವರೆಗೆ ಕಾಯದೆ ಹೋಗಿ ನೋಡಬೇಕು.

೭. ತಿದ್ದುಪಡಿ ಮತ್ತು ತಪಾಸಣೆ

ದೋಷ ಕಂಡಾಗ ತಿದ್ದುವುದು ಸುಲಭ. ತಿದ್ದಿದ್ದೆಂದು ತೋರಿಸುವುದು ಕಷ್ಟ. ಹಳೆಯ ನಮೂದನ್ನು ಓದಲು ಬರುವಂತೆ ಒಂದು ಗೆರೆಯಿಂದ ಹೊಡೆದು, ಹೊಸದನ್ನು ಬರೆದು, ತಿದ್ದಿದವರ ಅಂಕಿತ, ದಿನಾಂಕ, ಆಧಾರ ಇವುಗಳನ್ನು ಕೊಡುವುದು ಸರಿಯಾದ ಕ್ರಮ. ಪಾಠಾಂತರವನ್ನು ಅಡಿಯಲ್ಲಿ ಉಳಿಸುವ ಸಂಪಾದಕನ ಧರ್ಮವೇ ಇದು. ಗಣಕಯಂತ್ರದಲ್ಲಿ ಹಳೆಯ ನಮೂದು ಒಂದು ಕ್ಷಣದಲ್ಲಿ ಕುರುಹಿಲ್ಲದೆ ಹೋಗಬಹುದಾದುದರಿಂದ ತಿದ್ದುಪಡಿಗಳ ಇತಿಹಾಸವನ್ನು ಉಳಿಸುವ ಏರ್ಪಾಡು ಅಲ್ಲಿ ಇನ್ನೂ ಅಗತ್ಯ.

ಗಣಕಯಂತ್ರದಲ್ಲಿ ಕನ್ನಡಕ್ಕೆ ವಿಶೇಷವಾದ ಕೆಲವು ತೊಡಕುಗಳಿವೆ. ಯೂನಿಕೋಡ್ ರೂಢಿಗೆ ಬರುವ ಮೊದಲು ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರಸಂಕೇತಗಳಲ್ಲಿ ಬೆರಳಚ್ಚಾದ ಸೂಚಿಗಳನ್ನು ಪರಿವರ್ತಿಸದಿದ್ದರೆ ಹುಡುಕಾಟಕ್ಕೆ ಅವು ಸಿಕ್ಕವು. ಪರಿವರ್ತಿಸಿದಾಗ ಒತ್ತಕ್ಷರ, ಅರ್ಕಾವತ್ತುಗಳು ಸ್ಥಾನಪಲ್ಲಟವಾಗಿವೆಯೇ ಎಂದು ಕಣ್ಣಿನಿಂದಲೇ ನೋಡಬೇಕು. ಹಳಗನ್ನಡದ ಱ, ೞ ಅಕ್ಷರಗಳನ್ನು ಒಬ್ಬನು ಉಳಿಸಿ ಇನ್ನೊಬ್ಬನು ರ, ಳ ಎಂದು ಬರೆದರೆ ಒಂದೇ ಊರು ಎರಡಾಗುತ್ತದೆ. ಮೂಲರೂಪಕ್ಕೊಂದು, ಹುಡುಕಾಟದ ರೂಪಕ್ಕೊಂದು ಅಂಕಣವಿದ್ದರೆ ಎರಡೂ ಪ್ರಯೋಜನಗಳು ಸಿದ್ಧಿಸುತ್ತವೆ. ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವು 2003ರಲ್ಲಿ ಆರಂಭವಾದ ಮೇಲೆ ದೇಶದ ಹಸ್ತಪ್ರತಿಗಳ ವಿವರವನ್ನು ಏಕರೂಪದ ನಮೂನೆಯಲ್ಲಿ ತುಂಬುವ ಪ್ರಯತ್ನ ನಡೆಯಿತು. ನಮೂನೆ ಏಕರೂಪವಾದ ಮಾತ್ರಕ್ಕೆ ಅದರಲ್ಲಿ ತುಂಬಿದ್ದು ಶುದ್ಧವಾಗದು.

ತಪಾಸಣೆಯು ಎರಡು ದಿಕ್ಕಿನಿಂದಲೂ ನಡೆಯಬೇಕು. ವಹಿಯ ಕೆಲವು ಸಂಖ್ಯೆಗಳನ್ನು ಆರಿಸಿ ವಸ್ತುವನ್ನು ಹುಡುಕುವುದು ಒಂದು. ಇದರಿಂದ ಕಳೆದುಹೋದದ್ದು ತಿಳಿಯುತ್ತದೆ. ಕಪಾಟಿನ ಕೆಲವು ವಸ್ತುಗಳನ್ನು ಆರಿಸಿ ವಹಿಯಲ್ಲಿ ಹುಡುಕುವುದು ಇನ್ನೊಂದು; ಇದರಿಂದ ದಾಖಲೆಯಾಗದೆ ಉಳಿದದ್ದು ತಿಳಿಯುತ್ತದೆ. ಮೊದಲನೆಯದನ್ನು ಮಾತ್ರ ಮಾಡುವುದು ಸಾಮಾನ್ಯ ರೂಢಿ. ಆದರೆ ದಾಖಲೆಯಿಲ್ಲದ ವಸ್ತು ಕಳವಾದರೆ ಕಳವಾಯಿತೆಂದೇ ಯಾರಿಗೂ ತಿಳಿಯದು. ಬೇರೆಡೆ ಸಿಕ್ಕಿದರೂ ತನ್ನದೆಂದು ಹೇಳಲು ಸಂಸ್ಥೆಗೆ ಆಧಾರವಿರದು. ಪುರಾವಸ್ತು ಮತ್ತು ಕಲಾನಿಧಿಗಳ 1972ರ ಅಧಿನಿಯಮದಲ್ಲಿ ನೂರು ವರ್ಷದ ಶಿಲ್ಪದಂತೆ ಎಪ್ಪತ್ತೈದು ವರ್ಷದ ಮಹತ್ತ್ವದ ಹಸ್ತಪ್ರತಿಯೂ ಪುರಾವಸ್ತುವೇ. ಕಾನೂನಿನ ರಕ್ಷಣೆ ಇದ್ದರೂ ಅದನ್ನು ಪಡೆಯಲು ಅಳತೆ, ಛಾಯಾಚಿತ್ರ, ಗುರುತು, ಬಂದ ಬಗೆ ಇವುಗಳುಳ್ಳ ಒಂದು ಶುದ್ಧವಾದ ನಮೂದು ಬೇಕು.

ಈ ತಪಾಸಣೆಗೆ ಹೊಸದೊಂದು ದಿನವನ್ನು ಗೊತ್ತುಪಡಿಸಬೇಕಾದ ಅಗತ್ಯವಿಲ್ಲ. ಜ್ಯೇಷ್ಠ ಶುದ್ಧ ಪಂಚಮಿಯು ಶ್ರುತಪಂಚಮಿ. ಭೂತಬಲಿ ಪುಷ್ಪದಂತರ ಆಗಮವು ಗ್ರಂಥಾರೂಢವಾದುದರ ನೆನಪಿಗಾಗಿ ಅಂದು ಶಾಸ್ತ್ರಗಳನ್ನು ಹೊರತೆಗೆದು, ಧೂಳನ್ನೊರೆಸಿ, ಹೊಸ ವಸ್ತ್ರದಲ್ಲಿ ಕಟ್ಟಿ ಪೂಜಿಸುವ ಸಂಪ್ರದಾಯವಿದೆ. ಕಟ್ಟನ್ನು ಬಿಚ್ಚಿದ ಆ ಹೊತ್ತಿನಲ್ಲಿ ಗರಿಗಳನ್ನೆಣಿಸಿ, ವಹಿಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದು ನಮೂದನ್ನು ಒಪ್ಪನೋಡಿದರೆ ಪೂಜೆಗೆ ಅದು ಅಂಗವೇ ಆಗುತ್ತದೆ. ದೇಮಿಯಕ್ಕನು ಧವಳಾ ಪ್ರತಿಯನ್ನು ಕೊಟ್ಟದ್ದು ಶ್ರುತಪಂಚಮಿಯ ಉದ್ಯಾಪನೆಗೆ. ಬರೆಯಿಸಿದವಳ ಹೆಸರು, ಪಡೆದವರ ಹೆಸರು, ಸ್ಥಳದ ಹೆಸರು, ಕೊಟ್ಟ ಕಾರಣ ಇವೆಲ್ಲವೂ ಆ ಪ್ರಶಸ್ತಿಯಲ್ಲಿವೆ. ಒಳ್ಳೆಯ ನಮೂದಿನಲ್ಲಿ ಇರಬೇಕಾದುದರ ಬಹುಭಾಗ ಅಲ್ಲಿಯೇ ಇದೆ. ಎಂಟುನೂರು ವರ್ಷಗಳ ಅನಂತರ ಶಿವಮೊಗ್ಗದ ಕಲ್ಲೊಂದನ್ನೂ ಮೂಡಬಿದಿರೆಯ ಓಲೆಯೊಂದನ್ನೂ ಕೂಡಿಸಿದ್ದು ಆ ಕೆಲವು ಪಂಕ್ತಿಗಳು. ಇಂದು ವಹಿಯಲ್ಲಿ ಬರೆಯುವ ಪಂಕ್ತಿಗೂ ಅಂತಹ ದಿನ ಬರಬಹುದೆಂಬ ಎಚ್ಚರ ಸೂಚಿಕಾರನಿಗಿರತಕ್ಕದ್ದು.